ಭಾವ ಕೇಳಿದ ಹಡಗಿನ ವಿಷಯ, ಸ್ವಲ್ಪ ಉದ್ದ ಇದೆ, ಕಾಫಿ ಇಟ್ಕೊಂಡು ಓದಿ

ಭಾವ ನಮಸ್ಕಾರ, ಅಕ್ಕ ನೀನೂ ನೋಡು, ಟೈಪ್ ಮಾಡ್ತಾ ಕೂತ್ರೆ ರಾತ್ರಿ ಆಗುತ್ತೆ ಅಂತ ಫೋನ್ ಮೈಕ್ ಒತ್ಕೊಂಡು ಮಾತಾಡ್ತಾ ಇದೀನಿ, ಅದು ಏನೇನೋ ಬರ್ಕೊಂಡಿದ್ರೆ ಅಡ್ಜಸ್ಟ್ ಮಾಡ್ಕೊಳಿ. ನಿನ್ನೆ ನೀವು ಗ್ರೂಪಿಗೆ ಹಾಕಿದ್ರಲ್ಲ ಪೋಸ್ಟರ್, ಬಾರ್ಸಿಲೋನಾದಿಂದ ಮಯಾಮಿಗೆ 14 ರಾತ್ರಿ, ನವೆಂಬರ್‌ಗೆ, ರೇಟು ಕಮ್ಮಿ ಇದೆ, ಹೆಂಗೂ ನ್ಯೂಜೆರ್ಸಿಗೆ ಮಗನ ಮನೆಗೆ ಹೋಗ್ಬೇಕು, ಈ ಸಲ ಅಟ್ಲಾಂಟಿಕ್‌ನ ಹಡಗಲ್ಲೇ ದಾಟೋಣ್ವಾ ಅಂತ, ಅದಕ್ಕೆ ಹೇಳ್ತಿರೋದು. ಅರ್ಧ ಜನ 71 ವರ್ಷಕ್ಕೆ ಇದೆಲ್ಲ ಯಾಕೆ, ಸುಮ್ನೆ ಗೊರವನಹಳ್ಳಿ ಲಕ್ಷ್ಮಿ ದರ್ಶನ ಮಾಡ್ಕೊಂಡು ಬನ್ನಿ ಅಂದ್ರು, ನಮ್ಮ ಪುಟ್ಟ ಅಂತೂ ಟೈಟಾನಿಕ್ ಸ್ಟಿಕ್ಕರ್ ಹಾಕಿ ಓಡೋದ. ನಾನು ಹೇಳೋದು, ಖಂಡಿತ ಹೋಗಿ, ಆದ್ರೆ ಆ ಪೋಸ್ಟರ್ ಹಡಗು ನಿಮಗಲ್ಲ.

ಅದು ಮೋಸ ಅಂತ ಅಲ್ಲ ಭಾವ. ಬೇಸಿಗೇಲಿ ಈ ಕ್ರೂಸ್ ಹಡಗೆಲ್ಲ ಯುರೋಪ್ ಕಡೆ ಮೆಡಿಟರೇನಿಯನ್‌ನಲ್ಲಿ ಸುತ್ತುತ್ವೆ, ಚಳಿಗಾಲ ಬಂದ್ರೆ ಕೆರಿಬಿಯನ್ ಕಡೆ ಹೋಗ್ಬೇಕು, ಅಕ್ಟೋಬರ್ ನವೆಂಬರ್‌ನಲ್ಲಿ ಆ ಕಡೆ, ಏಪ್ರಿಲ್ ಮೇನಲ್ಲಿ ಈ ಕಡೆ. ಹಡಗು ಹೆಂಗಿದ್ರೂ ಹೋಗ್ಲೇಬೇಕಲ್ಲ, ಖಾಲಿ ಹೋಗೋ ಬದ್ಲು ಕಮ್ಮಿ ರೇಟಿಗೆ ಜನ ಹತ್ತಿಸ್ಕೊಳ್ತಾರೆ, ಇದಕ್ಕೆ ರಿಪೊಸಿಷನಿಂಗ್ ಅಂತಾರೆ. ದಾರೀಲಿ ಮದೈರಾನೋ ಕ್ಯಾನರಿ ದ್ವೀಪಾನೋ ಒಂದೆರಡು ಕಡೆ ನಿಲ್ಲಿಸಿ ಆಮೇಲೆ ವಾರದ ಮೇಲೆ ಬರೀ ನೀರು. ಆ ದಕ್ಷಿಣದ ದಾರಿ ಬೆಚ್ಚಗಿರುತ್ತೆ, ಅಲೆನೂ ಉತ್ತರದಷ್ಟು ಇರಲ್ಲ, ಅದು ನಿಜ. ಆದ್ರೆ ನಿಮ್ಮ ಲೆಕ್ಕದಲ್ಲಿ ನೋಡಿ, ಬಾರ್ಸಿಲೋನಾಗೆ ಯುರೋಪಿನ ಷೆಂಗೆನ್ ವೀಸಾ ಬೇಕು, ಮಯಾಮಿಗೆ ಅಮೆರಿಕ ವೀಸಾ, ಮಯಾಮೀಲಿ ಇಳಿದ್ಮೇಲೆ ಸೂಟ್‌ಕೇಸ್ ಎಳ್ಕೊಂಡು ಮತ್ತೆ ಏರ್‌ಪೋರ್ಟಿಗೆ ಹೋಗಿ ಮೂರು ಗಂಟೆ ವಿಮಾನ ಹತ್ತಿ ನ್ಯೂವಾರ್ಕ್‌ಗೆ ಹೋಗ್ಬೇಕು. ಅಕ್ಕನ ಮಂಡಿ ಇಟ್ಕೊಂಡು ಇದು ಬೇಕಾ? ಜೊತೆಗೆ ಪೋಸ್ಟರ್‌ನಲ್ಲಿ ದೊಡ್ಡದಾಗಿ ಬರ್ದಿರೋ ರೇಟಿನ ಮೇಲೆ ಟಿಪ್ಸ್ ಅಂತ ದಿನಕ್ಕೆ ತಲೆಗೆ 15ರಿಂದ 20 ಡಾಲರ್ ತಾನಾಗೇ ಬೀಳುತ್ತೆ, 14 ರಾತ್ರಿಗೆ ಇಬ್ಬರಿಗೆ 420ರಿಂದ 560 ಡಾಲರ್ ಆಯ್ತು, ವೈಫೈ ಬೇರೆ, ಆಮೇಲೆ ಮಯಾಮಿ ಟಿಕೆಟ್ ಬೇರೆ.

ನನ್ನ ಕೇಳಿದ್ರೆ ಇಂಗ್ಲೆಂಡಿನ ಸೌತಾಂಪ್ಟನ್‌ನಿಂದ ನ್ಯೂಯಾರ್ಕ್‌ಗೆ ಹೋಗೋ ಕ್ವೀನ್ ಮೇರಿ 2 ನೋಡಿ, 7 ರಾತ್ರಿ. ನಾನೂ ನಮ್ಮ ಮನೆಯವರೂ ಮಗಳ ಮನೆಯಿಂದ ಮಗನ ಮನೆಗೆ ಹೋಗಿದ್ದು ಅದರಲ್ಲೇ. 2004ರಿಂದ ಓಡ್ತಿದೆ, 345 ಮೀಟರ್ ಉದ್ದ, ಈಗ ಈ ದಾರೀಲಿ ರೆಗ್ಯುಲರ್ ಆಗಿ ಓಡೋ ಓಷನ್ ಲೈನರ್ ಅಂದ್ರೆ ಅದೊಂದೇ. ಬೇರೆ ಕ್ರೂಸ್ ಹಡಗು ಬಂದರಿಂದ ಬಂದರಿಗೆ ಸುತ್ತಾಡೋಕೆ ಕಟ್ಟಿರೋದು, ಇದು ಸಮುದ್ರ ದಾಟೋಕೆ ಅಂತಲೇ ಕಟ್ಟಿರೋದು, ಮೂತಿ ಚೂಪು, ತಗಡು ದಪ್ಪ. ಇಳಿಯೋದು ಬ್ರೂಕ್ಲಿನ್‌ನಲ್ಲಿ, ಮಗ ಕಾರ್ ತಂದ್ರೆ ಅಲ್ಲಿಂದ ಸೀದಾ ಮನೆಗೆ. ರೇಟು ರಾತ್ರಿ ಲೆಕ್ಕದಲ್ಲಿ ಜಾಸ್ತಿನೇ ಇರುತ್ತೆ, ಆದ್ರೆ ಭಾವ, ನೀವು ಸಂಸಾರ ಪೂರ್ತಿ ತರಕಾರಿ ಚೌಕಾಸಿ ಮಾಡಿದ್ದು ಸಾಕು, ಇದರಲ್ಲಿ ರಾತ್ರಿ ಲೆಕ್ಕ ಹಾಕ್ಬೇಡಿ, ಬಾಗಿಲಿಂದ ಬಾಗಿಲಿಗೆ ಎಷ್ಟು ಸಲ ಹತ್ತಿ ಇಳೀಬೇಕು ಅದನ್ನ ಎಣಿಸಿ.

ಗ್ರೂಪಲ್ಲಿ ಯಾರೋ ಕೇಳಿದ್ರು, ಮಧ್ಯೆ ಒಂದು ಊರೂ ಇಲ್ಲ, ಬರೀ ನೀರು ನೋಡೋಕೆ ಅಷ್ಟು ದುಡ್ಡಾ ಅಂತ. ನಮ್ಮ ವಯಸ್ಸಿಗೆ ಅದೇ ಅನುಕೂಲ ಕಣ್ರೀ! ದಿನಾ ಒಂದೊಂದು ಊರಲ್ಲಿ ನಿಲ್ಲೋ ಹಡಗಾದ್ರೆ ಬೆಳಿಗ್ಗೆ ಏಳು ಗಂಟೆಗೇ ಕ್ಯೂ, ಕೆಲವು ಕಡೆ ಹಡಗು ದಡಕ್ಕೆ ಹೋಗೋದೇ ಇಲ್ಲ, ಚಿಕ್ಕ ಬೋಟಿಗೆ ಇಳಿದು ಹೋಗ್ಬೇಕು, ಆ ಬೋಟು ಮೇಲೆ ಕೆಳಗೆ ಆಡ್ತಿರುತ್ತೆ, ಮಂಡಿ ನೋವಿರೋರು ಕಾಲಿಡೋದು ಹೆಂಗೆ. ಇಲ್ಲಿ ಒಂದು ಸಲ ಹತ್ತಿ, ಬಟ್ಟೆ ಬೀರುವಿಗಿಟ್ರೆ ಮುಗೀತು. ಆದ್ರೆ ಭಾವ ನಿಮಗೊಂದು ಪ್ರಶ್ನೆ, ಬೇಜಾರ್ ಮಾಡ್ಕೋಬೇಡಿ, ಬೆಳಿಗ್ಗೆ ಪೇಪರ್ ಬರೋದು ಹತ್ತು ನಿಮಿಷ ಲೇಟಾದ್ರೆ ಗೇಟ್ ಹತ್ರ ಹೋಗಿ ನಿಲ್ಲೋರು ನೀವು, ಸಾಯಂಕಾಲ ಅಮಾನಿಕೆರೆ ವಾಕಿಂಗ್ ಗೆಳೆಯರು ಬೇಕು, ಏಳು ದಿನ ಇದ್ಯಾವ್ದೂ ಇಲ್ಲದೆ ಕೂರ್ತೀರಾ? ಅಕ್ಕನ ಬಗ್ಗೆ ನನಗೆ ಚಿಂತೆ ಇಲ್ಲ, ಅವಳಿಗೊಂದು ಕ್ರೋಷಾ ಕಡ್ಡಿ, ಒಂದು ಉಂಡೆ ದಾರ ಕೊಟ್ರೆ ಅಮೆರಿಕ ಬಂದಿದ್ದೇ ಗೊತ್ತಾಗಲ್ಲ. ಅಲ್ಲಿ ಬೇಜಾರ್ ಆಗ್ದಂಗೆ ಲೈಬ್ರರಿ ಇದೆ, ಉಪನ್ಯಾಸ ಇರುತ್ತೆ, ನಕ್ಷತ್ರ ತೋರ್ಸೋ ಪ್ಲಾನೆಟೇರಿಯಂ ಕೂಡ ಇದೆ, ಏಳನೇ ಡೆಕ್ಕಿನಲ್ಲಿ ಹಡಗಿನ ಸುತ್ತ ಮರದ ಹಾಸು, ಮೂರು ಸುತ್ತು ಹಾಕಿದ್ರೆ ಹತ್ರತ್ರ ಒಂದೂಮುಕ್ಕಾಲು ಕಿಲೋಮೀಟರು, ವಾಕಿಂಗ್ ಅಲ್ಲೇ ಆಗುತ್ತೆ. ಮಧ್ಯಾಹ್ನ 12ಕ್ಕೆ ಕ್ಯಾಪ್ಟನ್ ಮೈಕಲ್ಲಿ ಎಲ್ಲಿದೀವಿ, ಎಷ್ಟು ಆಳ, ಗಾಳಿ ಎಷ್ಟು ಅಂತ ಹೇಳ್ತಾರೆ, ನಮ್ಮ ಮನೆಯವರು ಅದನ್ನ ಡೈರೀಲಿ ಬರ್ಕೊಳ್ಳೋಕೆ ಐದು ನಿಮಿಷ ಮುಂಚೆನೇ ಪೆನ್ ಹಿಡ್ಕೊಂಡು ಸ್ಪೀಕರ್ ಕೆಳಗೆ ನಿಲ್ತಿದ್ರು.

ಯಾವ ತಿಂಗಳು ಅನ್ನೋದು ದುಡ್ಡಿಗಿಂತ ಮುಖ್ಯ. ಉತ್ತರ ಅಟ್ಲಾಂಟಿಕ್ ಡಿಸೆಂಬರ್‌ನಿಂದ ಫೆಬ್ರವರಿ ತನಕ ಕೆಟ್ಟ ಒರಟು, ಆಗ ಟಿಕೆಟ್ ಅಗ್ಗ ಸಿಕ್ಕಿದ್ರೂ ನಮ್ಮಂಥೋರಿಗೆ ಬೇಡ. ಮೇ ಕೊನೆಯಿಂದ ಆಗಸ್ಟ್ ಒಳಗೆ ನೋಡಿ. ಬೇಸಿಗೇಲೂ ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಹತ್ರ ಗ್ರ್ಯಾಂಡ್ ಬ್ಯಾಂಕ್ಸ್ ಅಂತ ಇದೆ, ಬಿಸಿ ನೀರಿನ ಹೊಳೆ ತಣ್ಣೀರಿನ ಹೊಳೆ ಸೇರೋ ಜಾಗ, ಅಲ್ಲಿ ಮಂಜು ಕವಿದ್ರೆ ರೇಲಿಂಗ್ ಆಚೆ ಏನೂ ಕಾಣಲ್ಲ, ಎರಡೆರಡು ನಿಮಿಷಕ್ಕೆ ಹಾರ್ನ್ ಹೊಡೀತಾರೆ, ಅದು ನಿಯಮ, ಗಾಬರಿ ಬೀಳ್ಬೇಡಿ. ನಮ್ಮವರು ಮಂಕಿ ಕ್ಯಾಪ್ ಹಾಕ್ಕೊಂಡು ಕಂಬಳಿ ಹೊದ್ಕೊಂಡು ಡೆಕ್ ಕುರ್ಚೀಲಿ ಮಲಗಿ ಪ್ರತಿ ಹಾರ್ನ್‌ಗೂ ಗಡಿಯಾರ ನೋಡ್ತಿದ್ರು, ಸರಿಯಾಗಿ ಹೊಡೀತಾನಾ ಅಂತ! ಪುಟ್ಟಾ ನಿನ್ನ ಟೈಟಾನಿಕ್ಕಿಗೆ ಉತ್ತರ, ಅದು ಮುಳುಗಿದ್ದು 1912ರ ಏಪ್ರಿಲ್‌ನಲ್ಲಿ, ಹೊರಟಿದ್ದು ಇದೇ ಸೌತಾಂಪ್ಟನ್‌ನಿಂದ್ಲೇ, ಒಪ್ಕೋತೀನಿ. ಅದಾದ್ಮೇಲೇ 1914ರಲ್ಲಿ ದೇಶಗಳೆಲ್ಲ ಕೂತು ಸಮುದ್ರ ಸುರಕ್ಷತೆಗೆ ಒಪ್ಪಂದ ಮಾಡ್ಕೊಂಡಿದ್ದು, ಎಲ್ಲರಿಗೂ ಲೈಫ್‌ಬೋಟ್ ಇರ್ಬೇಕು ಅಂತ ಆಗಿದ್ದು, ಮಂಜುಗಡ್ಡೆ ಎಲ್ಲಿದೆ ಅಂತ ಕಾಯೋಕೆ ಐಸ್ ಪಟ್ರೋಲ್ ಅನ್ನೋ ಕಾವಲು ಶುರುವಾಗಿದ್ದು. ಹತ್ತಿದ ದಿನಾನೇ ಡ್ರಿಲ್ ಇರುತ್ತೆ, ಲೈಫ್ ಜಾಕೆಟ್ ಎಲ್ಲಿದೆ, ಎಲ್ಲಿ ಸೇರ್ಬೇಕು ಅಂತ, ಅಕ್ಕ ಮಂಡಿ ನೋವು ಅಂತ ತಪ್ಪಿಸ್ಕೋಬೇಡ, ಎಲ್ಲರೂ ಹೋಗ್ಲೇಬೇಕು.

ಕ್ಯಾಬಿನ್ ವಿಷ್ಯ ಗಮನ ಇಟ್ಟು ಕೇಳಿ, ಏಜೆಂಟ್‌ಗಳು ಇಲ್ಲೇ ಹೆಚ್ಚುಕಮ್ಮಿ ಮಾಡೋದು. ಶಿರಾ ಕಡೆ ಹೋಗೋ ಬಸ್ಸಲ್ಲಿ ಹಿಂದಿನ ಸೀಟಲ್ಲಿ ಕೂತೋರಿಗೆ ಹಂಪು ಬಂದಾಗ ಏನಾಗುತ್ತೆ, ಮಧ್ಯದ ಸೀಟಲ್ಲಿ ಕೂತೋರಿಗೆ ಏನಾಗುತ್ತೆ, ಹಡಗಲ್ಲೂ ಅಷ್ಟೇ. ಮೂತಿ ಹತ್ರ, ಹಿಂಭಾಗ, ಮೇಲಿನ ಅಂತಸ್ತು ಇವೆಲ್ಲ ಜಾಸ್ತಿ ಆಡೋ ಜಾಗ. ಸ್ಟೆಬಿಲೈಸರ್ ರೆಕ್ಕೆ ಇರುತ್ತಲ್ಲ, ಅದು ಪಕ್ಕಕ್ಕೆ ವಾಲೋದನ್ನ ಕಮ್ಮಿ ಮಾಡುತ್ತೆ, ಮೂತಿ ಎದ್ದು ಬೀಳೋದನ್ನ ತಡೆಯಲ್ಲ. ಅದಕ್ಕೆ ಹಡಗಿನ ಉದ್ದದಲ್ಲಿ ಮಧ್ಯ, ಎತ್ತರದಲ್ಲಿ ಕೆಳಗಡೆ, ಲಿಫ್ಟಿಗೆ ಹತ್ರ, ಆದ್ರೆ ಲಿಫ್ಟಿನ ಬಾಗಿಲೆದುರಿಗೆ ಅಲ್ಲ. ಅಡಿಗೆಮನೆ ಮೇಲೆ, ಡ್ಯಾನ್ಸ್ ಹಾಲ್ ಕೆಳಗೆ ಬೇಡ, ಡೆಕ್ ಪ್ಲಾನ್ ಅಂತ ಕಂಪನಿ ಸೈಟಲ್ಲೇ ಇರುತ್ತೆ, ಮೇಲಿನ ಕೆಳಗಿನ ಅಂತಸ್ತು ಎರಡೂ ನೋಡಿ ನಂಬರ್ ಆರಿಸ್ಕೊಳಿ. ಗ್ಯಾರಂಟಿ ಕ್ಯಾಬಿನ್ ಅಂತ ಅಗ್ಗಕ್ಕೆ ಕೊಡ್ತಾರೆ, ಹೆಸರು ಕೇಳಿ ಏನೋ ಗ್ಯಾರಂಟಿ ಅನ್ಕೋಬೇಡಿ, ಯಾವ ರೂಮ್ ಅಂತ ಅವರು ಕೊನೇಲಿ ಕೊಟ್ಟಿದ್ದೇ. ಬಾಲ್ಕನಿಗೆ ದುಡ್ಡು ಸುರೀಬೇಡಿ, ಆ ದಾರೀಲಿ ಗಾಳಿ ಚಳಿಗೆ ಕೂರೋಕಾಗೋದು ಕಮ್ಮಿ. ಆದ್ರೆ ಕಿಟಕಿನೂ ಇಲ್ಲದ ಒಳಗಿನ ರೂಮ್ ಬೇಡ, ಲೈಟ್ ಆರಿಸಿದ್ರೆ ಕಗ್ಗತ್ತಲು, ರಾತ್ರಿ ಎರಡು ಸಲ ಏಳೋ ವಯಸ್ಸು ನಮ್ಮದು. ಬಾತ್‌ರೂಮ್ ಬಾಗಿಲಿಗೆ ಹೊಸಲಿನ ಥರ ಎತ್ತರದ ಪಟ್ಟಿ ಇರುತ್ತೆ ಅಕ್ಕ, ಅದನ್ನ ಎಡವ್ಬೇಡ. ವೀಲ್‌ಚೇರ್ ಹೋಗೋ ಅಗಲದ ರೂಮ್‌ಗಳು ಬೆರಳೆಣಿಕೆ, ಬೇಕಿದ್ರೆ ಈಗ್ಲೇ ಕೇಳ್ಬೇಕು.

ಆರೋಗ್ಯದ್ದು ಮುಚ್ಚುಮರೆ ಇಲ್ದೆ ಹೇಳ್ತೀನಿ. ಹಡಗಲ್ಲಿ ಡಾಕ್ಟರ್ ಇರ್ತಾರೆ, ನರ್ಸ್ ಇರ್ತಾರೆ, ಬಿಲ್ಲು ಡಾಲರಲ್ಲಿ, ನೀವು ಕಾರ್ಡಲ್ಲಿ ಕಟ್ಟಿ ಆಮೇಲೆ ಇನ್ಶೂರೆನ್ಸಲ್ಲಿ ಕೇಳ್ಕೋಬೇಕು. ಆದ್ರೆ ನಟ್ಟನಡು ಸಮುದ್ರದಲ್ಲಿ ಹೆಲಿಕಾಪ್ಟರ್ ಬರೋ ದೂರ ಅಲ್ಲ ಅದು, ದೊಡ್ಡದೇನಾದ್ರೂ ಆದ್ರೆ ಹಡಗು ದಡ ಸೇರೋ ತನಕ ಅಲ್ಲಿರೋ ಡಾಕ್ಟರೇ ಗತಿ. ಅದಕ್ಕೆ ಭಾವ ನಿಮ್ಮ ಬಿಪಿ ಶುಗರ್ ಹಿಡಿತದಲ್ಲಿದೆಯಾ, ಮೂರು ತಿಂಗಳ ಶುಗರ್ ಸರಾಸರಿ ತೋರ್ಸೋ ಎಚ್‌ಬಿಎ1ಸಿ ಟೆಸ್ಟ್ ಮಾಡ್ಸಿ, ಹಾರ್ಟಿಗೆ ಎಕೋ ಮಾಡ್ಸಿ, ನಿಮ್ಮ ಡಾಕ್ಟರಿಗೆ ಅಮೆರಿಕಕ್ಕೆ ಹೋಗ್ತೀವಿ ಅಂತ ಅಷ್ಟೇ ಹೇಳ್ಬೇಡಿ, ವಾರ ಪೂರ್ತಿ ಆಸ್ಪತ್ರೆ ಇಲ್ಲದ ಕಡೆ ಇರ್ತೀವಿ ಅಂತ ಬಿಡಿಸಿ ಹೇಳಿ. ಅವರು ಬೇಡ ಅಂದ್ರೆ ಬೇಡ. ಇನ್ಶೂರೆನ್ಸ್ ತಗೊಳೋವಾಗ ಬಿಪಿ ಶುಗರ್ ಇಲ್ಲ ಅಂತ ಟಿಕ್ ಮಾಡ್ಬೇಡಿ, ಪ್ರೀಮಿಯಂ ಜಾಸ್ತಿ ಆದ್ರೂ ಪರ್ವಾಗಿಲ್ಲ, 70 ದಾಟಿದ್ಮೇಲೆ ಕೆಲವು ಪಾಲಿಸೀಲಿ ಒಂದೊಂದು ಖರ್ಚಿಗೂ ಮಿತಿ ಹಾಕಿರ್ತಾರೆ, ಅದನ್ನ ಓದಿ, ಹಡಗು ಪ್ರಯಾಣ ಸೇರಿದೆಯಾ, ಅಲ್ಲಿಂದ ಆಸ್ಪತ್ರೆಗೆ ಸಾಗಿಸೋ ಖರ್ಚು ಸೇರಿದೆಯಾ ಅಂತ ಬರವಣಿಗೇಲಿ ತಗೊಳಿ. ಮಾತ್ರೆ ಎಲ್ಲ ಕೈಚೀಲದಲ್ಲಿ, ಹತ್ತು ಹದಿನೈದು ದಿನದ್ದು ಹೆಚ್ಚಿಗೆ, ಚೀಟೀಲಿ ಬ್ರ್ಯಾಂಡ್ ಹೆಸರಿನ ಜೊತೆ ಔಷಧಿ ಹೆಸರೂ ಇರ್ಲಿ. ವಾಂತಿ ಮಾತ್ರೆ ನಮ್ಮಲ್ಲಿ ಸುಮ್ನೆ ಮೆಡಿಕಲ್ ಸ್ಟೋರಿಂದ ತಗೊಂಡು ನುಂಗ್ತೀವಿ, ವಯಸ್ಸಾದೋರಿಗೆ ಅದು ತುಂಬ ಮಂಪರು ಮಾಡುತ್ತೆ, ಪ್ರಾಸ್ಟೇಟು ಗ್ಲಾಕೋಮ ಇದ್ರೆ ತೊಂದ್ರೆನೂ ಕೊಡಬಹುದು, ಕೇಳಿ ತಗೊಳಿ.

ಇನ್ನೊಂದು ಸಂತೋಷದ ವಿಷ್ಯ. ಆ ಕಡೆಗೆ ಹೋಗೋವಾಗ ಗಡಿಯಾರ ಐದು ರಾತ್ರಿ ಒಂದೊಂದು ಗಂಟೆ ಹಿಂದಕ್ಕೆ ಹೋಗುತ್ತೆ, ಅಂದ್ರೆ ಆ ದಿನಗಳಿಗೆ 25 ಗಂಟೆ, ನಿದ್ದೆ ಒಂದು ಗಂಟೆ ಜಾಸ್ತಿ, ನ್ಯೂಯಾರ್ಕಲ್ಲಿ ಇಳಿಯೋ ಹೊತ್ತಿಗೆ ಮೈ ಹೊಂದ್ಕೊಂಡಿರುತ್ತೆ. ವಾಪಸ್ ಬರೋವಾಗ ಹಡಗು ತಗೊಂಡ್ರೆ ಒಂದೊಂದು ಗಂಟೆ ಕಳೀತಾ ಹೋಗುತ್ತೆ, ಅದಕ್ಕೆ ಹೋಗೋದು ಹಡಗಲ್ಲಿ ಬರೋದು ವಿಮಾನದಲ್ಲಿ ಅಂತ ಇಟ್ಕೊಳಿ. ಇನ್ಸುಲಿನ್ ತಗೊಳೋರಾದ್ರೆ ಈ ಟೈಮ್ ಬದಲಾವಣೆ ಡಾಕ್ಟರಿಗೆ ಮೊದ್ಲೇ ಹೇಳ್ಬೇಕು.

ವಿಮಾನ ಪೂರ್ತಿ ತಪ್ಪುತ್ತೆ ಅಂತ ಮಾತ್ರ ಅನ್ಕೋಬೇಡ ಅಕ್ಕ, ಬೆಂಗಳೂರಿಂದ ಲಂಡನ್‌ಗೆ ಹತ್ತು ಗಂಟೆ ಕೂರ್ಲೇಬೇಕು, ಹೀಥ್ರೂ ಇಂದ ಸೌತಾಂಪ್ಟನ್ ಮತ್ತೆ ನೂರು ಕಿಲೋಮೀಟರು. ಹಡಗು ಹೊರಡೋ ದಿನಾನೇ ಇಳಿಯೋ ಟಿಕೆಟ್ ತಗೋಬೇಡಿ, ಎರಡು ರಾತ್ರಿ ಮುಂಚೆ ಹೋಗಿ ಅಲ್ಲೇ ಇರಿ, ವಿಮಾನ ಲೇಟ್ ಆಯ್ತು ಅಂತ ಹಡಗು ಕಾಯಲ್ಲ. ವೀಸಾ ಎರಡು, ಯುಕೆ ವಿಸಿಟರ್ ಮತ್ತೆ ಅಮೆರಿಕದ ವಿಸಿಟರ್, ಅದಕ್ಕೆ ಬಿ1 ಬಿ2 ಅಂತಾರೆ, ಅಮೆರಿಕ ವೀಸಾ ಪಾಸ್‌ಪೋರ್ಟಲ್ಲಿ ಇಲ್ದೆ ಹಡಗೇ ಹತ್ತಿಸಲ್ಲ, ಅದು ಕೈಗೆ ಬಂದ್ಮೇಲೆ ಪೂರ್ತಿ ದುಡ್ಡು ಕಟ್ಟಿ. ಪ್ಯಾಕೇಜ್ ತಗೊಂಡ್ರೆ ಏಜೆಂಟ್ ಟಿಸಿಎಸ್ ಅಂತ ಮುಂಗಡ ತೆರಿಗೆ ಹಿಡೀತಾನೆ, ಅದು ಹೋದಂಗಲ್ಲ, ಪ್ಯಾನ್ ನಂಬರ್ ಸರಿ ಕೊಡಿ, ರಿಟರ್ನ್ ಹಾಕೋವಾಗ ತೋರಿಸ್ಬಹುದು.

ಊಟದ್ದು ತಲೆ ಕೆಡಿಸ್ಕೋಬೇಡಿ, ಸಸ್ಯಾಹಾರಿ ಅಂತ ಬುಕ್ಕಿಂಗಲ್ಲೇ ಬರೆಸಿ, ಅನ್ನ ಮೊಸರು ಸಿಗುತ್ತೆ, ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಸಿಗಲ್ಲ ಅಷ್ಟೇ. ಚಟ್ನಿಪುಡಿ ಅಂಗಡಿ ಪ್ಯಾಕೆಟ್ ಸೀಲ್ ಒಡೀದೆ ತಗೊಂಡೋಗಿ, ನ್ಯೂಯಾರ್ಕಲ್ಲಿ ಇಳಿಯೋವಾಗ ಕಸ್ಟಮ್ಸ್‌ನವರಿಗೆ ಹೇಳಿ. ಕೆಟಲ್ಲು ಇಸ್ತ್ರಿ ಪೆಟ್ಟಿಗೆ ಒಯ್ಯಂಗಿಲ್ಲ, ಬೆಂಕಿ ಭಯ, ಕೆಟಲ್ ರೂಮಲ್ಲೇ ಇಟ್ಟಿರ್ತಾರೆ. ಕೈ ಸೋಪಲ್ಲೇ ತೊಳೀರಿ, ಹಡಗಲ್ಲಿ ಹರಡೋ ವಾಂತಿಭೇದಿ ವೈರಸ್‌ಗೆ ಸ್ಯಾನಿಟೈಸರ್ ಅಷ್ಟಾಗಿ ನಾಟಲ್ಲ. ಫೋನ್ ಏರ್‌ಪ್ಲೇನ್ ಮೋಡಲ್ಲಿ ಇಡಿ ಭಾವ, ಹಡಗಿನ ಟವರ್ ಹಿಡ್ಕೊಂಡ್ರೆ ಬಿಲ್ ನೋಡಿ ಬಿಪಿ ಏರುತ್ತೆ. ಒಂದೆರಡು ಸಂಜೆ ಎಲ್ಲರೂ ಸೂಟುಬೂಟಲ್ಲಿ ಬರ್ತಾರೆ, ಮಗನ ರಿಸೆಪ್ಷನ್‌ಗೆ ಹೊಲಿಸಿದ್ದು ಇದೆಯಲ್ಲ, ಅಕ್ಕಂಗೆ ರೇಷ್ಮೆ ಸೀರೆ.

ಇಷ್ಟಾದ್ಮೇಲೂ ಮನಸ್ಸಲ್ಲಿ ಅಳುಕಿದ್ರೆ ಮೊದ್ಲು ಮುಂಬೈನಿಂದ ಗೋವಾ ಕಡೆ ಹೋಗೋ ಕಾರ್ಡೆಲಿಯಾ ಹಡಗಲ್ಲಿ ಎರಡು ರಾತ್ರಿ ಹೋಗ್ಬನ್ನಿ, ಚಳಿಗಾಲದ ಅರಬ್ಬೀ ಸಮುದ್ರ ಅಟ್ಲಾಂಟಿಕ್ ಅಲ್ಲ, ಸದ್ದು ಗದ್ದಲ ಜಾಸ್ತಿ, ಆದ್ರೆ ಆ ರೂಮಲ್ಲಿ ನಿದ್ದೆ ಬರುತ್ತಾ, ಆ ಬಾತ್‌ರೂಮ್ ಅಕ್ಕಂಗೆ ಆಗುತ್ತಾ, ತಲೆ ಸುತ್ತುತ್ತಾ ಅಂತ ಗೊತ್ತಾಗುತ್ತೆ. ಆಮೇಲೆ ಬುಕ್ ಮಾಡಿದ್ರಾಯ್ತು. ಹಾ, ಕ್ವೀನ್ ಮೇರೀಲಿ ಕೊನೇ ದಿನ ಅಲಾರಂ ಇಟ್ಕೊಳಿ, ಬೆಳಗಿನ ಜಾವ ಕತ್ತಲಲ್ಲೇ ಹಡಗು ನ್ಯೂಯಾರ್ಕಿನ ವೆರಜಾನೋ ಸೇತುವೆ ಕೆಳಗೆ ಹೋಗುತ್ತೆ, ಚಿಮಣಿಗೂ ಸೇತುವೆಗೂ ಕೆಲವೇ ಅಡಿ ಸಂದು, ತಗ್ಲೇ ಬಿಡ್ತು ಅಂತ ಎಲ್ಲರೂ ತಲೆ ಬಗ್ಗಿಸ್ತಾರೆ.

ಭಾವ, ಪಾಸ್‌ಪೋರ್ಟ್ ಎಕ್ಸ್‌ಪೈರಿ ಡೇಟ್ ನೋಡಿ ಹೇಳಿ. ಅಕ್ಕ, ನಿನ್ನ ಮಂಡಿ ಎಕ್ಸ್‌ರೇ ರಿಪೋರ್ಟು, ಭಾವನ ಶುಗರ್ ರಿಪೋರ್ಟು ಎರಡೂ ನನಗೆ ಸಪರೇಟಾಗಿ ಕಳ್ಸು, ಗ್ರೂಪಿಗೆ ಹಾಕ್ಬೇಡ, ಇಲ್ಲಿ ಎಲ್ಲರೂ ಡಾಕ್ಟರ್ ಆಗ್ಬಿಡ್ತಾರೆ.