ಪದಚರ್ಚೆ: ಜನಸಂಖ್ಯೆಯ ‘ಅಂದಾಜು’, ‘ಮುನ್ನಂದಾಜು’, ಮತ್ತು ‘ವಿಂಟೇಜ್’ಗೊಂದು ಕನ್ನಡ ಪದ

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಸೆನ್ಸಸ್ ಬ್ಯೂರೋ ವರ್ಷವರ್ಷವೂ ರಾಜ್ಯವಾರು, ಕೌಂಟಿವಾರು (ಕೌಂಟಿ ಎಂದರೆ ರಾಜ್ಯದೊಳಗಿನ ಆಡಳಿತ ವಿಭಾಗ) ಜನಸಂಖ್ಯೆಯ ಅಂಕಿ ಹೊರಡಿಸುತ್ತದೆ. ಹತ್ತು ವರ್ಷಕ್ಕೊಮ್ಮೆ ನಡೆಯುವ ಗಣತಿ ಬೇರೆ, ಇದು ಬೇರೆ. ಈ ಅಂಕಿಯನ್ನು ಹೇಗೆ ತಯಾರಿಸುತ್ತಾರೆ ಎಂದು ಇಲ್ಲಿನ ಕನ್ನಡ ಕೂಟವೊಂದರ ಪತ್ರಿಕೆಗೆ ಲೇಖನ ಬರೆಯುತ್ತಿದ್ದೇನೆ. ಕೆಲವು ಪದಗಳಲ್ಲಿ ನಿಮ್ಮ ನೆರವು ಬೇಕು.

ಮೊದಲನೆಯದು ‘ಎಸ್ಟಿಮೇಟ್’. ನಾನು ‘ಅಂದಾಜು’ ಎಂದೇ ಬರೆದೆ. ಕರಡು ನೋಡಿದ ಸಂಪಾದಕರು, ‘ಅಂದಾಜು ಅಂದರೆ ಸುಮ್ಮನೆ ಊಹಿಸಿದ್ದು ಅಂತ ಜನ ತಿಳಿಯುತ್ತಾರೆ, ಬೇರೆ ಪದ ನೋಡಿ’ ಅಂದರು. ‘ಜಾತ್ರೆಗೆ ಅಂದಾಜು ಐವತ್ತು ಸಾವಿರ ಜನ ಸೇರಿದ್ದರು’ ಎನ್ನುವಾಗಿನ ಅಂದಾಜು ಅವರ ಮನಸ್ಸಿನಲ್ಲಿದೆ. ಆದರೆ ಲೋಕೋಪಯೋಗಿ ಇಲಾಖೆಯ ಎಂಜಿನಿಯರು ಸೇತುವೆಗೆ ಮಾಡುವ ‘ಅಂದಾಜು ಪಟ್ಟಿ’ಯಲ್ಲಿ ಸಿಮೆಂಟು, ಕಬ್ಬಿಣ, ಕೂಲಿ ಎಲ್ಲವೂ ಬಾಬುವಾರು ಇರುತ್ತದೆ. ಅದನ್ನು ಊಹೆ ಎಂದು ಯಾರೂ ಅನ್ನುವುದಿಲ್ಲ. ಜನಸಂಖ್ಯೆಯ ಅಂದಾಜೂ ಹೀಗೆ ಬಾಬುವಾರು ಕೂಡಿ ಕಳೆದದ್ದೇ.

ಬಾಬುಗಳು ಇವು. 2020ರ ಏಪ್ರಿಲ್ 1ರ ಗಣತಿಯನ್ನು ಆಧರಿಸಿದ ಒಂದು ಮೂಲಸಂಖ್ಯೆ ಇಟ್ಟುಕೊಳ್ಳುತ್ತಾರೆ. ಅದಕ್ಕೆ ಹುಟ್ಟಿದವರನ್ನು ಕೂಡಿ, ತೀರಿಕೊಂಡವರನ್ನು ಕಳೆದು, ಬಂದವರು ಹೋದವರ ವ್ಯತ್ಯಾಸ ಸೇರಿಸಿ, ಪ್ರತಿ ಜುಲೈ 1ರ ಲೆಕ್ಕಕ್ಕೆ ಬರುತ್ತಾರೆ. ಜನನ ಮರಣ ನೋಂದಣಿಯಿಂದಲೇ ಸಿಗುತ್ತದೆ. ಕಷ್ಟವಿರುವುದು ಬಂದವರು ಹೋದವರ ಲೆಕ್ಕದಲ್ಲಿ. ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದ ನಾಲ್ವರ ಕುಟುಂಬವೊಂದು ಟೆಕ್ಸಸ್ಸಿನ ಪ್ಲೇನೋಗೆ ಹೋಯಿತು ಎನ್ನಿ. ಊರು ಬಿಟ್ಟೆವೆಂದು ಅವರು ಯಾವ ಕಚೇರಿಗೂ ಹೋಗಿ ಬರೆಸಬೇಕಾಗಿಲ್ಲ. ಆದರೆ ಹಿಂದಿನ ವರ್ಷದ ಆದಾಯ ತೆರಿಗೆ ರಿಟರ್ನಿನಲ್ಲಿ ಎಡಿಸನ್ ವಿಳಾಸ, ಈ ವರ್ಷದ್ದರಲ್ಲಿ ಪ್ಲೇನೋ ವಿಳಾಸ ಇರುತ್ತದೆ. ಎರಡನ್ನೂ ಹೊಂದಿಸಿ ನೋಡಿದಾಗ ಎಡಿಸನ್ ಇರುವ ಮಿಡಲ್‌ಸೆಕ್ಸ್ ಕೌಂಟಿಯಿಂದ ನಾಲ್ವರು ಹೊರಕ್ಕೆ, ಪ್ಲೇನೋ ಇರುವ ಕಾಲಿನ್ ಕೌಂಟಿಗೆ ನಾಲ್ವರು ಒಳಕ್ಕೆ ಬರುತ್ತಾರೆ. ವಯಸ್ಸಾದವರಲ್ಲಿ ರಿಟರ್ನ್ ಸಲ್ಲಿಸದವರು ಬಹಳ, ಹಾಗಾಗಿ 65 ದಾಟಿದವರಿಗೆ ಮೆಡಿಕೇರ್ (ಹಿರಿಯರ ಸರ್ಕಾರಿ ಆರೋಗ್ಯ ವಿಮೆ) ದಾಖಲೆ ನೋಡುತ್ತಾರೆ. ಹೊರದೇಶದಿಂದ ಬಂದವರಿಗೆ, ‘ಒಂದು ವರ್ಷದ ಹಿಂದೆ ಎಲ್ಲಿ ವಾಸವಿದ್ದಿರಿ’ ಎಂದು ಕೇಳುವ ಅಮೆರಿಕನ್ ಕಮ್ಯೂನಿಟಿ ಸರ್ವೆಯೇ ಮುಖ್ಯ ಆಧಾರ. ಕಾಲೇಜು ಹಾಸ್ಟೆಲು, ಸೆರೆಮನೆ, ವೃದ್ಧಾಶ್ರಮ, ಸೇನಾ ಬ್ಯಾರಕ್‌ಗಳಲ್ಲಿ ಇರುವವರದು ಪ್ರತ್ಯೇಕ ಬಾಬು. ಅದಕ್ಕೆ ‘ಸಾಮೂಹಿಕ ವಸತಿ’ ಎಂದು ಬರೆದಿದ್ದೇನೆ.

ಇಲ್ಲಿ ‘ನಿವಾಸಿ’ ಎಂಬ ಪದವನ್ನೂ ಬಿಗಿಯಾಗಿ ಹಿಡಿಯಬೇಕು. ಹೆರಿಗೆ ಪಕ್ಕದ ಕೌಂಟಿಯ ಆಸ್ಪತ್ರೆಯಲ್ಲಿ ಆದರೂ ಮಗು ತಾಯಿ ವಾಸವಿರುವ ಕೌಂಟಿಯ ಲೆಕ್ಕಕ್ಕೇ ಸೇರುತ್ತದೆ. ಬಾಣಂತನ ಮಾಡಲು ವಿಸಿಟರ್ ವೀಸಾದಲ್ಲಿ ಮೈಸೂರಿನಿಂದ ಬಂದ ಅಜ್ಜಿ ಆರು ತಿಂಗಳು ಅದೇ ಮನೆಯಲ್ಲಿದ್ದರೂ ಸೇರುವುದಿಲ್ಲ. ಹಾಗಾಗಿ ‘ಅಲ್ಲಿರುವ ಜನ’ ಎಂದು ಸಡಿಲವಾಗಿ ಬರೆದರೆ ಅರ್ಥ ಕೆಡುತ್ತದೆ.

ಇದರ ಜೊತೆಗೆ ಒಂದು ಕ್ರಿಯಾಪದ. ಎಲ್ಲ ಕೌಂಟಿಗಳ ಮೊತ್ತ ದೇಶದ ಒಟ್ಟು ಸಂಖ್ಯೆಗೆ ಸಮನಾಗುವಂತೆ ಕೌಂಟಿಗಳ ಅಂಕಿಗಳನ್ನು ತುಸು ಹಿಗ್ಗಿಸುತ್ತಾರೆ ಅಥವಾ ಕುಗ್ಗಿಸುತ್ತಾರೆ. ಆಮೇಲೆ ರಾಜ್ಯದ ಅಂಕಿ ಎಂದರೆ ಅದರ ಕೌಂಟಿಗಳ ಮೊತ್ತ, ಅಷ್ಟೆ. ‘ತಾಳೆ ಹಾಕು’ ಎಂದರೆ ಹೊಂದುತ್ತದೋ ಇಲ್ಲವೋ ನೋಡುವುದಷ್ಟೇ ಆಗುತ್ತದೆ. ಇಲ್ಲಿ ಅಂಕಿಯೇ ಬದಲಾಗುವುದರಿಂದ ‘ಸರಿದೂಗಿಸು’ ಸರಿ ಎಂದು ನನ್ನ ಅಭಿಪ್ರಾಯ.

ಎರಡನೆಯದು ‘ಪ್ರೊಜೆಕ್ಷನ್’. ಪತ್ರಿಕೆಗಳಲ್ಲಿ ಇದಕ್ಕೂ ‘ಅಂದಾಜಿಸಲಾಗಿದೆ’ ಎಂದೇ ಬರೆಯುತ್ತಾರೆ, ಇದು ನನಗೆ ನಿಜವಾಗಿಯೂ ಬೇಸರದ ಸಂಗತಿ. ಆಗಿಹೋದ ಜನನ, ಮರಣ, ವಲಸೆಯ ದಾಖಲೆ ಹಿಡಿದು ಕಳೆದ ಜುಲೈಯ ಸಂಖ್ಯೆ ಹೇಳುವುದು ಎಸ್ಟಿಮೇಟ್. ಹೆರಿಗೆಯ ಪ್ರಮಾಣ ಹೀಗೆ ಇಳಿದರೆ, ಆಯಸ್ಸು ಹೀಗೆ ಏರಿದರೆ ಎಂಬ ‘ರೆ’ಗಳ ಮೇಲೆ ನಿಂತದ್ದು ಪ್ರೊಜೆಕ್ಷನ್. ಭಾರತದಲ್ಲಿ 2011ರ ಗಣತಿಯ ನಂತರದ ವರ್ಷಗಳಿಗೆ ನಾವು ಬಳಸುತ್ತಿರುವ ರಾಜ್ಯವಾರು ಸಂಖ್ಯೆಗಳು ತಾಂತ್ರಿಕ ತಂಡವೊಂದು 2036ರವರೆಗೆ ಲೆಕ್ಕ ಹಾಕಿಕೊಟ್ಟ ಇಂಥ ಪ್ರೊಜೆಕ್ಷನ್‌ಗಳು. ಕರ್ನಾಟಕದ ಈಗಿನ ಜನಸಂಖ್ಯೆ ಎಂದು ನಾವು ಉದ್ಧರಿಸುವುದನ್ನೂ ಟೆಕ್ಸಸ್ಸಿನ ವಾರ್ಷಿಕ ಅಂಕಿಯನ್ನೂ ಒಂದೇ ಪದದಲ್ಲಿ ಹೇಳಿದರೆ ಎರಡರ ಬುಡ ಬೇರೆ ಎಂಬುದೇ ಮರೆಯಾಗುತ್ತದೆ. ‘ಪ್ರಕ್ಷೇಪ’ ಎಂದರೆ ಭೂಗೋಳ ಓದಿದವರಿಗೆ ನಕ್ಷಾ ಪ್ರಕ್ಷೇಪ ನೆನಪಾಗುತ್ತದೆ. ‘ಮುನ್ನಂದಾಜು’ ನನಗೆ ಹಿಡಿಸಿದೆ. ಬೆಳೆಗಳ ‘ಮುಂಗಡ ಅಂದಾಜು’ ಜೊತೆ ಗೊಂದಲ ಆದೀತೇ ಎಂಬುದು ಒಂದೇ ಅಳುಕು.

ನಿಜವಾಗಿ ಕೈಕಟ್ಟಿ ಹಾಕಿರುವುದು ‘ವಿಂಟೇಜ್’. ಬ್ಯೂರೋ ಪ್ರತಿವರ್ಷ ಹೊಸ ವರ್ಷದ ಅಂಕಿಯೊಂದನ್ನೇ ಸೇರಿಸುವುದಿಲ್ಲ, 2020ರಿಂದ ಇಲ್ಲಿಯವರೆಗಿನ ಎಲ್ಲ ವರ್ಷಗಳನ್ನೂ ಮತ್ತೆ ಲೆಕ್ಕ ಹಾಕುತ್ತದೆ. ಹಾಗೆ ಹೊರಬರುವ ಇಡೀ ಕಟ್ಟಿಗೆ ವಿಂಟೇಜ್ ಎನ್ನುತ್ತಾರೆ. ಇದನ್ನು ಗಮನಿಸದಿದ್ದರೆ ಎಂಥ ಎಡವಟ್ಟು ಆಗುತ್ತದೆ ನೋಡಿ. 2023ರ ವಿಂಟೇಜ್ ಪ್ರಕಾರ 2023ರ ಜುಲೈ 1ಕ್ಕೆ ದೇಶದ ಜನಸಂಖ್ಯೆ 33,49,14,895. ಮರುವರ್ಷದ ವಿಂಟೇಜ್ ಪ್ರಕಾರ 2024ರ ಜುಲೈ 1ಕ್ಕೆ 34,01,10,988. ಕಳೆದರೆ ಒಂದೇ ವರ್ಷದಲ್ಲಿ ಸುಮಾರು 52 ಲಕ್ಷ ಏರಿಕೆ! ಆದರೆ 2024ರ ವಿಂಟೇಜ್‌ನಲ್ಲಿ 2023ರ ಸಂಖ್ಯೆಯೇ 33,68,06,231ಕ್ಕೆ ಪರಿಷ್ಕೃತವಾಗಿದೆ, ಏಕೆಂದರೆ ಆಶ್ರಯ ಕೋರಿ ಬಂದವರು ಸರ್ವೆಯಲ್ಲಿ ಸರಿಯಾಗಿ ಸಿಕ್ಕಿರಲಿಲ್ಲವೆಂದು ಸರ್ಕಾರಿ ದಾಖಲೆಗಳನ್ನು ಸೇರಿಸಿ ವಲಸೆಯ ಲೆಕ್ಕ ತಿದ್ದಿದರು. ನಿಜವಾದ ವಾರ್ಷಿಕ ಏರಿಕೆ ಸುಮಾರು 33 ಲಕ್ಷ. 19 ಲಕ್ಷ ಜನರ ವ್ಯತ್ಯಾಸ ಈ ಒಂದು ಪದದ ಒಳಗಿದೆ, ಹಾಗಾಗಿ ಇದನ್ನು ಅನುವಾದದಲ್ಲಿ ಬಿಟ್ಟುಬಿಡುವ ಹಾಗಿಲ್ಲ.

‘ಆವೃತ್ತಿ’ ಎನ್ನೋಣವೆಂದರೆ ಸಂಖ್ಯಾಶಾಸ್ತ್ರದಲ್ಲಿ ಆ ಪದ ‘ಆವೃತ್ತಿ ವಿತರಣೆ’ಗೆ ಸಂದುಹೋಗಿದೆ. ಬಜೆಟ್ಟಿನ ‘ಪರಿಷ್ಕೃತ ಅಂದಾಜು’ ಒಂದು ವರ್ಷದ ಅಂಕಿಗೆ ಹೊಂದುತ್ತದೆ, ಇಡೀ ಕಟ್ಟಿಗಲ್ಲ. ‘2024ನೇ ಸಾಲಿನ ಅಂದಾಜು’ ಕಿವಿಗೆ ಹಿತ, ಆದರೆ ಓದುಗರು ಅದನ್ನು 2024ರ ಜನಸಂಖ್ಯೆ ಎಂದಷ್ಟೇ ತಿಳಿಯುತ್ತಾರೆ. ಸದ್ಯಕ್ಕೆ ‘2024ರ ಸರಣಿ’ ಎಂದು ಬರೆದು, ಹೊಸ ಸರಣಿ ಬಂದ ಮೇಲೆ ಹಳೆಯದನ್ನು ಬಳಸಬಾರದೆಂದು ಒಂದು ಸಾಲು ಸೇರಿಸಿದ್ದೇನೆ.

ಕೌಂಟಿಯನ್ನು ‘ಜಿಲ್ಲೆ’ ಮಾಡಿಲ್ಲ. 2020ರ ಗಣತಿಯಲ್ಲಿ ಟೆಕ್ಸಸ್ಸಿನ ಲವಿಂಗ್ ಕೌಂಟಿಯಲ್ಲಿ ಇದ್ದವರು 64 ಜನ, ಲಾಸ್ ಏಂಜಲೀಸ್ ಕೌಂಟಿಯಲ್ಲಿ ಒಂದು ಕೋಟಿಗೂ ಹೆಚ್ಚು. ನಮ್ಮ ಜಿಲ್ಲೆಯ ಕಲ್ಪನೆ ಇಲ್ಲಿಗೆ ಒಗ್ಗುವುದಿಲ್ಲ.

‘ಸರಣಿ’ಗಿಂತ ಒಳ್ಳೆಯದು ಹೊಳೆದರೆ ದಯವಿಟ್ಟು ತಿಳಿಸಿ. ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯದಲ್ಲಿ ಕೆಲಸ ಮಾಡಿದವರು ಇಲ್ಲಿದ್ದರೆ ಅವರಿಗೆ ಒಂದು ಪ್ರಶ್ನೆ: ಹಿಂದಿನ ವರ್ಷಗಳ ಅಂಕಿಗಳನ್ನೆಲ್ಲ ತಿದ್ದಿ ಒಟ್ಟಿಗೆ ಹೊರಡಿಸಿದಾಗ ಕಚೇರಿಯ ಮಾತಿನಲ್ಲಿ ಅದಕ್ಕೆ ಏನನ್ನುತ್ತೀರಿ? ಅಂಥ ಪದವೊಂದು ಬಳಕೆಯಲ್ಲಿದ್ದರೆ ನಾನು ಅದನ್ನೇ ಹಾಕುತ್ತೇನೆ.