ಬೇಸಿಗೆಯಲ್ಲಿ ಹಿತ್ತಲಿಗೆ ಬರುವ ಪ್ರಾಣಿ-ಪಕ್ಷಿಗಳು: ನಿಮ್ಮ ಅನುಭವ ತಿಳಿಸಿ

ಬಾವಧನ, ಪುಣೆಯಿಂದ ಪ್ರಶ್ನೆ

ಜನವರಿಯಲ್ಲಿ ಹುಬ್ಬಳ್ಳಿಯಿಂದ ಇಲ್ಲಿಗೆ ಬಂದಿದ್ದೇವೆ. ಕೆಳ ಅಂತಸ್ತಿನ ಬಾಡಿಗೆ ಮನೆ. ಹಿಂದೆ 20 ಅಡಿ ಉದ್ದ, 15 ಅಡಿ ಅಗಲದ ಹಿತ್ತಲು. ಒಂದು ಚಿಕ್ಕು ಮರ, ಒಂದು ನಿಂಬೆ ಗಿಡ, ಕರಿಬೇವು, ಬೇಲಿಯುದ್ದಕ್ಕೂ ದಾಸವಾಳ ಇವೆ. ಗುಡ್ಡ ಹತ್ತಿರದಲ್ಲೇ ಇದೆ. ಯುಗಾದಿ ಕಳೆದು ಬಿಸಿಲು ಏರಿದಂತೆಲ್ಲ ಹಿತ್ತಲಿನಲ್ಲಿ ಓಡಾಟ ಹೆಚ್ಚಾಗಿದೆ. ಎರಡು ಮುಂಗುಸಿಗಳು, ಅಳಿಲುಗಳು, ಹೆಸರು ಗೊತ್ತಿಲ್ಲದ ಎಷ್ಟೋ ಹಕ್ಕಿಗಳು. ರಾತ್ರಿ ಏನೋ ಒಂದು ಬಂದು ಚಿಕ್ಕು ತಿಂದು ಹೋಗುತ್ತದೆ. ಒಮ್ಮೆ ಹಾವು ಹಾದುಹೋಯಿತು. ಎಂಟು ಮತ್ತು ಐದು ವರ್ಷದ ಇಬ್ಬರು ಹೆಣ್ಣುಮಕ್ಕಳು ಕಿಟಕಿ ಬಿಟ್ಟು ಏಳುವುದಿಲ್ಲ. ಮಾವನವರು ಮಾತ್ರ ಹಾವು ಕಂಡಾಗಿನಿಂದ ಮನೆಯ ಮಾಲೀಕರಿಗೆ ಹೇಳಿ ಎಲ್ಲ ಕಿತ್ತು ಫರಸಿ ಹಾಕಿಸೋಣ ಎನ್ನುತ್ತಿದ್ದಾರೆ. ಮಕ್ಕಳಿಗೂ ಆ ಜೀವಿಗಳಿಗೂ ತೊಂದರೆಯಾಗದಂತೆ ನೋಡುತ್ತಾ ಇರಲು ಏನು ಮಾಡಬೇಕು? ಅನುಭವ ಇದ್ದವರು ದಯವಿಟ್ಟು ಬರೆಯಿರಿ.

ಪಾಷಾಣ, ಪುಣೆಯಿಂದ

ತಂಗೀ, ಫರಸಿ ಮಾತ್ರ ಹಾಕಿಸಬೇಡಿ. ನಾನು ಧಾರವಾಡದವಳು, ಈ ಊರಿಗೆ ಬಂದು ಮೂವತ್ತು ವರ್ಷ ದಾಟಿತು. ನಾವು ಬಂದಾಗ ನಮ್ಮ ಓಣಿಯ ಪ್ರತಿ ಮನೆಗೂ ಹಿತ್ತಲಿತ್ತು, ಈಗ ಮೂರು ಉಳಿದಿವೆ. ಏಪ್ರಿಲ್ ತಿಂಗಳಿನಲ್ಲಿ ಗುಡ್ಡದ ಹುಲ್ಲು ಒಣಗಿ, ಬಿಸಿಲು 40 ಡಿಗ್ರಿ ಮುಟ್ಟುವಾಗ ಅಲ್ಲಿನ ಜೀವಗಳಿಗೆ ಈ ಮೂರು ಹಿತ್ತಲೇ ಗತಿ. ನಿಮ್ಮ 300 ಚದರ ಅಡಿ ಅವಕ್ಕೆ ದೊಡ್ಡ ಆಸ್ತಿ.

ಮೊದಲು ನೀರು. ಕಾಳು, ಅನ್ನ, ಬ್ರೆಡ್ಡು ಯಾವುದೂ ಬೇಡ. ನೀರೊಂದನ್ನು ಸರಿಯಾಗಿ ಇಟ್ಟರೆ ಸಾಕು. ಕುಂಡದ ಕೆಳಗೆ ಇಡುವ ಅಗಲವಾದ ಮಣ್ಣಿನ ತಟ್ಟೆ ಯಾವ ನರ್ಸರಿಯಲ್ಲಾದರೂ ಸಿಗುತ್ತದೆ. ಪ್ಲಾಸ್ಟಿಕ್ಕಿನಲ್ಲಿ ನೀರು ಕಾಯುತ್ತದೆ, ಹಕ್ಕಿಯ ಕಾಲೂ ಜಾರುತ್ತದೆ. ಮಣ್ಣಿನ ತಟ್ಟೆ ಹೊರಮೈಯಿಂದ ಸ್ವಲ್ಪ ಸ್ವಲ್ಪವೇ ಬೆವರಿ ನೀರನ್ನು ತಣ್ಣಗಿಡುತ್ತದೆ. ಆಳ ಎರಡು ಬೆರಳಿಗಿಂತ ಹೆಚ್ಚು ಬೇಡ. ನಡುವೆ ನಾಲ್ಕೈದು ಒರಟು ಕಲ್ಲುಗಳು ನೀರಿನ ಮೇಲೆ ತಲೆ ಎತ್ತಿಕೊಂಡಿರಲಿ. ಜೇನುನೊಣಗಳು ಕುಳಿತು ಕುಡಿಯುವುದು ಆ ಕಲ್ಲುಗಳ ಮೇಲೆ, ಅವಿಲ್ಲದಿದ್ದರೆ ಮುಳುಗಿ ಸಾಯುತ್ತವೆ. ಎರಡು ತಟ್ಟೆ ಇಡಿ: ಒಂದು ಕಟ್ಟೆಯ ಮೇಲೆ ಹಕ್ಕಿಗಳಿಗೆ, ಒಂದು ನೆಲದ ಮೇಲೆ ಮುಂಗುಸಿಗೆ, ಕಪ್ಪೆಗೆ, ಓತಿಕ್ಯಾತಕ್ಕೆ. ಎರಡೂ ನೆರಳಿನಲ್ಲಿರಲಿ. ಆದರೆ ಬೇಲಿಗೆ ಅಂಟಿಕೊಂಡಂತೆ ಬೇಡ, ಬೆಕ್ಕು ಅಲ್ಲಿಯೇ ಹೊಂಚು ಹಾಕುತ್ತದೆ. ನಾಲ್ಕೈದು ಅಡಿ ದೂರವಿಟ್ಟು, ತಲೆಯ ಮೇಲೊಂದು ಕೊಂಬೆ ಇರುವಂತೆ ನೋಡಿಕೊಳ್ಳಿ.

ದಿನಾ ಬೆಳಿಗ್ಗೆ ಹಳೆಯ ನೀರನ್ನು ಗಿಡಕ್ಕೆ ಸುರಿದು, ತಟ್ಟೆಯನ್ನು ತೆಂಗಿನ ನಾರಿನಿಂದ ತಿಕ್ಕಲೇಬೇಕು. ನೀರು ಬದಲಿಸಿದರಷ್ಟೇ ಸಾಲದು. ಡೆಂಗ್ಯೂ ಹರಡುವ ಸೊಳ್ಳೆ ಪಾತ್ರೆಯ ಅಂಚಿಗೆ ಮೊಟ್ಟೆ ಅಂಟಿಸುತ್ತದೆ, ಅದು ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ. ಇದೇ ಕಾರಣಕ್ಕೆ ನಮ್ಮ ಪಕ್ಕದ ಮನೆಯವರು ಆಕ್ಷೇಪಿಸಿದ್ದರು. ನಾನು ತಿಕ್ಕುವುದನ್ನು ನೋಡಿದ ಮೇಲೆ ಅವರೂ ಒಂದು ತಟ್ಟೆ ಇಟ್ಟರು.

ಇನ್ನೊಂದು ಮಾತು, ಬಹಳ ನೋವಿನಿಂದ ಹೇಳುತ್ತೇನೆ. ಬಕೆಟ್, ಡ್ರಮ್, ತೊಟ್ಟಿ ಯಾವುದನ್ನೂ ತೆರೆದಿಡಬೇಡಿ. ಒಂದು ಮೇ ತಿಂಗಳಿನಲ್ಲಿ ಅರ್ಧ ತುಂಬಿದ ಬಕೆಟ್ಟನ್ನು ಮರೆತು ಮಲಗಿದ್ದೆ. ಬೆಳಿಗ್ಗೆ ಅದರಲ್ಲಿ ಅಳಿಲಿನ ಮರಿ ತೇಲುತ್ತಿತ್ತು. ಮುಚ್ಚಳ ಇಲ್ಲದಿದ್ದರೆ ಒಂದು ಕೋಲನ್ನಾದರೂ ಓರೆಯಾಗಿ ಇಳಿಬಿಡಿ, ಹತ್ತಿ ಬರುತ್ತವೆ.

ನೋಡುವ ಹೊತ್ತು ಬೆಳಿಗ್ಗೆ ಆರರಿಂದ ಎಂಟು, ಮತ್ತೆ ಸಂಜೆ ಐದರ ನಂತರ. ಕೋಣೆಯ ದೀಪ ಆರಿಸಿ, ಕಿಟಕಿಯಿಂದ ಒಂದು ಮೊಳ ಹಿಂದೆ ಮಕ್ಕಳನ್ನು ಕೂರಿಸಿ. ಮೊದಲ ಹತ್ತು ನಿಮಿಷ ಏನೂ ಬರುವುದಿಲ್ಲ, ಮಕ್ಕಳ ತಾಳ್ಮೆ ಹಾರಿಹೋಗುವುದು ಆಗಲೇ. ಆ ಹತ್ತು ನಿಮಿಷ ದಾಟಿಸಿ. ನಮ್ಮಲ್ಲಿ ಮೊದಲು ಬರುವವು ಹರಟೆಮಲ್ಲಗಳು, ಆರೇಳು ಒಟ್ಟಿಗೆ, ಕಲಕಲ ಎನ್ನುತ್ತಾ ತರಗೆಲೆ ಮಗುಚುತ್ತವೆ. ಇಲ್ಲಿನವರು ಅವನ್ನು ‘ಸಾತಭಾಈ’, ಅಂದರೆ ಏಳು ಜನ ಅಣ್ಣತಮ್ಮಂದಿರು ಎನ್ನುತ್ತಾರೆ. ಅವು ಇಳಿದರೆ ಅಪಾಯವಿಲ್ಲ ಎಂದು ಉಳಿದವೂ ಬರುತ್ತವೆ: ಪಿಕಳಾರ, ಗೊರವಂಕ, ಮಡಿವಾಳ ಹಕ್ಕಿ. ಸೂರಕ್ಕಿ ನಮ್ಮ ತಟ್ಟೆಗೆ ಬಂದದ್ದೇ ಇಲ್ಲ. ದಾಸವಾಳದ ಎಲೆಗಳಿಗೆ ಪೈಪಿನಿಂದ ನೀರು ಚಿಮುಕಿಸಿ ನೋಡಿ, ಒದ್ದೆ ಎಲೆಯ ಮೇಲೆ ಮೈಯುಜ್ಜಿ ಸ್ನಾನ ಮಾಡುತ್ತದೆ. ಮಧ್ಯಾಹ್ನ ಕಾಗೆ ಕೊಕ್ಕು ತೆರೆದು ಗಂಟಲು ಅದುರಿಸುತ್ತಾ ಕುಳಿತಿರುವುದನ್ನೂ ಮಕ್ಕಳಿಗೆ ತೋರಿಸಿ. ಹಕ್ಕಿಗಳಿಗೆ ಬೆವರುವುದಿಲ್ಲ, ಮೈಯ ಕಾವನ್ನು ಅವು ಹಾಗೆಯೇ ಇಳಿಸಿಕೊಳ್ಳಬೇಕು.

ಗೂಡು ಕಂಡರೆ ದೂರ ಇರಿ. ನಾನು ದೊಡ್ಡ ತಪ್ಪು ಮಾಡಿದ್ದೇನೆ. ನಮ್ಮ ದಾಸವಾಳದಲ್ಲಿ ಪಿಕಳಾರ ಬಟ್ಟಲಿನಂಥ ಗೂಡು ಕಟ್ಟಿ, ಗುಲಾಬಿ ಬಣ್ಣಕ್ಕೆ ಕೆಂಚು ಚುಕ್ಕೆಯ ಮೂರು ಮೊಟ್ಟೆ ಇಟ್ಟಿತ್ತು. ಹನ್ನೆರಡು ದಿನ ಕಾದೆ. ಮರಿಗಳು ಹೊರಬಂದಾಗ ಮೊಮ್ಮಗನಿಗೆ ಫೋಟೊ ಕಳಿಸುವ ಆಸೆಗೆ ಅಡ್ಡ ಬರುತ್ತಿದ್ದ ಎರಡು ಕೊಂಬೆಗಳನ್ನು ಕತ್ತರಿಸಿದೆ. ನಾಲ್ಕನೆಯ ದಿನ ಕೆಂಬೂತ ಬಂದು ಮೂರನ್ನೂ ಒಯ್ದಿತು. ತಾಯಿ ಬಾಯಲ್ಲಿ ಹುಳು ಹಿಡಿದುಕೊಂಡೇ ಅರ್ಧ ದಿನ ತಂತಿಯ ಮೇಲೆ ಕುಳಿತಿತ್ತು. ಕೆಂಬೂತಕ್ಕೂ ಮರಿಗಳಿರುತ್ತವೆ, ಅದರ ಮೇಲೆ ನನಗೆ ಸಿಟ್ಟಿಲ್ಲ. ದಾರಿ ತೆರೆದುಕೊಟ್ಟವಳು ನಾನು. ಜುಲೈ ಮುಗಿಯುವವರೆಗೆ ಬೇಲಿಗೆ ಕತ್ತರಿ ಹಾಕಿಸಬೇಡಿ.

ಪುಕ್ಕ ಬಂದ ಮರಿ ನೆಲದ ಮೇಲೆ ಕುಪ್ಪಳಿಸುತ್ತಿದ್ದರೆ ಎತ್ತಿ ಒಳಗೆ ತರಬೇಡಿ. ಪಿಕಳಾರದ ಮರಿಗಳು ಹಾರಲು ಬರುವ ಮೊದಲೇ ಗೂಡು ಬಿಡುತ್ತವೆ, ತಂದೆತಾಯಿ ನೆಲಕ್ಕೇ ಬಂದು ಉಣಿಸುತ್ತವೆ. ಬೆಕ್ಕಿನ ಭಯವಿದ್ದರೆ ಹತ್ತಿರದ ಪೊದೆಯೊಳಗೆ ಕೂರಿಸಿ ಸರಿದುಬಿಡಿ.

ಮಕ್ಕಳ ಸಲುವಾಗಿ ಇನ್ನೊಂದು. ಓತಿಕ್ಯಾತ ಕಂಡರೆ ಕಲ್ಲು ಎಸೆಯುವ ಅಭ್ಯಾಸ ನಮ್ಮ ಕಡೆ ಇದೆ, ಕತ್ತು ಕೆಂಪಾದರೆ ರಕ್ತ ಹೀರುತ್ತದೆ ಎಂದು ಹೇಳುವವರೂ ಇದ್ದಾರೆ. ಅದು ಗಂಡು ಹೆಣ್ಣನ್ನು ಕರೆಯುವ ಬಣ್ಣ, ಅಷ್ಟೇ. ಹೆಣ್ಣೊಂದು ನಮ್ಮ ಮಲ್ಲಿಗೆ ಕುಂಡದಲ್ಲಿ ಮುಂಗಾಲಿನಿಂದ ಗುಂಡಿ ತೋಡಿ, ತಿರುಗಿ ಕುಳಿತು ಬಿಳಿ ಮೊಟ್ಟೆಗಳನ್ನು ಇಟ್ಟಿತು. ಹದಿಮೂರು ಎಣಿಸಿದೆ. ಆಮೇಲೆ ಮಣ್ಣು ಎಳೆದು ಮುಚ್ಚಿ ತಲೆಯಿಂದ ಕುಟ್ಟಿ ಕುಟ್ಟಿ ಗಟ್ಟಿ ಮಾಡಿತು, ನಾವು ಹಿಟ್ಟು ಅದುಮಿದ ಹಾಗೆ. ಕೊನೆಗೆ ಒಂದು ಒಣಗಿದ ಎಲೆಯನ್ನೂ ಮೇಲೆ ಎಳೆದುಕೊಂಡು ಹೋಯಿತು. ಆ ಕುಂಡವನ್ನು ನಾನು ಎರಡು ತಿಂಗಳು ಅಲುಗಾಡಿಸಲಿಲ್ಲ.

ಮುಲುಂಡ್, ಮುಂಬೈಯಿಂದ

ರಾತ್ರಿ ಚಿಕ್ಕು ತಿನ್ನುವುದು ಯಾರೆಂದು ಪತ್ತೆ ಹಚ್ಚುವ ಕೆಲಸವನ್ನು ನಿಮ್ಮ ಹಿರಿಯ ಮಗಳಿಗೆ ಒಪ್ಪಿಸಿ. ಬೆಳಿಗ್ಗೆ ಮರದ ಕೆಳಗೆ ರಸ ಹೀರಿ ಉಗುಳಿದ ಸಣ್ಣ ಸಣ್ಣ ನಾರಿನ ಉಂಡೆಗಳು ಬಿದ್ದಿದ್ದರೆ ಹಣ್ಣುಬಾವಲಿ. ಕಾಂಪೌಂಡಿನ ಗೋಡೆಯ ಮೇಲೆ ಬೀಜಗಳೇ ತುಂಬಿದ ಹಿಕ್ಕೆ ಇದ್ದರೆ ಪುನುಗು ಬೆಕ್ಕು. ಪುಣೆಯಲ್ಲಿ ‘ಉದಮಾಂಜರ’ ಎಂದು ಕೇಳಿದರೆ ತಿಳಿಯುತ್ತದೆ. ಮಲಗುವ ಮುಂಚೆ ಮರದ ಬುಡದ ಸುತ್ತ ಜರಡಿ ಹಿಡಿದ ಒಣ ಮಣ್ಣನ್ನು ತೆಳ್ಳಗೆ ಹರಡಿಡಿ. ಮನೆಯ ಬೆಕ್ಕಿನ ಹೆಜ್ಜೆಯಲ್ಲಿ ನಾಲ್ಕು ಬೆರಳು, ಪುನುಗಿನ ಹೆಜ್ಜೆಯಲ್ಲಿ ಐದು. ನನ್ನ ಮಗ ಮೂರು ರಾತ್ರಿ ಬರೀ ಬೆಕ್ಕಿನ ಹೆಜ್ಜೆ ಕಂಡು ಬೇಸರಪಟ್ಟಿದ್ದ. ನಾಲ್ಕನೆಯ ಬೆಳಿಗ್ಗೆ ಅವನು ಕೂಗಿದ ಕೂಗಿಗೆ ಇಡೀ ಮನೆ ಎದ್ದಿತು. ಪುನುಗು ನಮ್ಮ ತಂಟೆಗೆ ಬರುವುದಿಲ್ಲ. ಮೇಲಿನ ಕೊಂಬೆಗಳ ಹಣ್ಣನ್ನು ಅದಕ್ಕೆ ಬಿಟ್ಟುಬಿಡಿ.

ನಾವಿರುವುದು ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಅಂಚು, ಇಲ್ಲಿ ಚಿರತೆಯೂ ಇದೆ. ಹೀಗಾಗಿ ರಾತ್ರಿ ನಾಯಿಗೆ ಹಾಕಿದ ಊಟ, ಕಸದ ಬುಟ್ಟಿ ಯಾವುದನ್ನೂ ಹೊರಗೆ ಬಿಡುವುದಿಲ್ಲ. ಊಟಕ್ಕೆ ನಾಯಿ ಬರುತ್ತದೆ, ನಾಯಿಯ ಹಿಂದೆ ಚಿರತೆ ಬರುತ್ತದೆ. ನೀವಿರುವುದೂ ಗುಡ್ಡದ ಬದಿ, ಈ ಒಂದು ಅಭ್ಯಾಸ ಈಗಲೇ ಮಾಡಿಕೊಳ್ಳಿ.

ಕೊಥ್ರೂಡ, ಪುಣೆಯಿಂದ

ನಿಮ್ಮ ಮಾವನವರ ಭಯ ಸುಳ್ಳಲ್ಲ. ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ವಿಜಯಪುರದ ನಮ್ಮ ತಂದೆಯವರಿಗೂ ಇದೇ ಭಯವಿತ್ತು. ಅವರನ್ನು ಒಂದು ಭಾನುವಾರ ಕಾತ್ರಜದ ಹಾವಿನ ಉದ್ಯಾನಕ್ಕೆ ಕರೆದುಕೊಂಡು ಹೋದೆ. ಅದನ್ನು ಕಟ್ಟಿ ಬೆಳೆಸಿದ ನೀಲಿಮಕುಮಾರ ಖೈರೆಯವರು 1980ರಲ್ಲಿ 72 ವಿಷದ ಹಾವುಗಳ ಜೊತೆ ಒಂದೇ ಕೋಣೆಯಲ್ಲಿ 72 ಗಂಟೆ ಕಳೆದವರು. ಕೆಣಕದೆ ಹಾವು ಕಚ್ಚುವುದಿಲ್ಲ ಎಂದು ತೋರಿಸಲೆಂದೇ ಹಾಗೆ ಮಾಡಿದರು. ಆ ಕಥೆಯನ್ನು ಕೇಳಿ, ಗಾಜಿನಾಚೆಯ ಕೇರೆಯನ್ನೂ ನಾಗರವನ್ನೂ ಪಕ್ಕ ಪಕ್ಕದಲ್ಲಿ ನೋಡಿದ ಮೇಲೆ ತಂದೆಯವರು ಕೋಲು ಹುಡುಕುವುದನ್ನು ಬಿಟ್ಟರು.

ಹಾದುಹೋದ ಹಾವನ್ನು ಹೋಗಲು ಬಿಡಿ. ಹಿತ್ತಲಿನಲ್ಲೇ ಸೇರಿಕೊಂಡಿದ್ದರೆ ಮಕ್ಕಳನ್ನು ಒಳಗೆ ಕಳಿಸಿ, ದೊಡ್ಡವರೊಬ್ಬರು ದೂರದಿಂದ ಅದರ ಮೇಲೆ ಕಣ್ಣಿಟ್ಟು, ಮಹಾರಾಷ್ಟ್ರ ಅರಣ್ಯ ಇಲಾಖೆಯ 1926 ಸಂಖ್ಯೆಗೆ ಕರೆ ಮಾಡಿ. ಇದು ವಿಷದ್ದೋ ಅಲ್ಲವೋ ಎಂದು ಹತ್ತಿರ ಹೋಗಿ ಪರೀಕ್ಷಿಸಬೇಡಿ. ಇಟ್ಟಿಗೆ ರಾಶಿ, ಹಳೆಯ ಹಲಗೆ ಇದ್ದರೆ ಮನೆಯ ಗೋಡೆಯಿಂದ ದೂರ ಸಾಗಿಸಿ. ಹಿಂಬಾಗಿಲಿನ ಕೆಳಗಿನ ಸಂದಿಗೆ ರಬ್ಬರ್ ಪಟ್ಟಿ ಹಚ್ಚಿಸಿ. ಕತ್ತಲಾದ ಮೇಲೆ ಬ್ಯಾಟರಿ ಇಲ್ಲದೆ ಯಾರೂ ಹೊರಗೆ ಕಾಲಿಡಬಾರದು. ಒಂದು ವೇಳೆ ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಆ ಕೈಕಾಲನ್ನು ಅಲುಗಾಡಿಸದೆ ನೇರವಾಗಿ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಪ್ರತಿವಿಷದ ಚುಚ್ಚುಮದ್ದೇ ಅದಕ್ಕೆ ಔಷಧ.

ದಯವಿಟ್ಟು ಇಲಿ ಪಾಷಾಣ ಇಡಬೇಡಿ. ನಮ್ಮ ಮನೆಯೆದುರಿನ ಹಾಲಕ್ಕಿ ಜೋಡಿ, ಇಲ್ಲಿನವರು ಪಿಂಗಳಾ ಎನ್ನುವ ಆ ಸಣ್ಣ ಗೂಬೆಗಳು, ಐದು ವರ್ಷ ಅದೇ ಪೊಟರೆಯಲ್ಲಿದ್ದವು. ಓಣಿಯಲ್ಲಿ ಪಾಷಾಣ ಇಟ್ಟ ವಾರವೇ ಒಂದು ನಮ್ಮ ಅಂಗಳದಲ್ಲಿ ರೆಕ್ಕೆ ಬಿಚ್ಚಿಕೊಂಡು ಬಿದ್ದಿತ್ತು. ವಿಷ ತಿಂದು ತೂಗಾಡುವ ಇಲಿಯೇ ಗೂಬೆಗೂ ಮುಂಗುಸಿಗೂ ಸುಲಭದ ಬೇಟೆ. ಗಿಡ ಮುಚ್ಚುವ ಪ್ಲಾಸ್ಟಿಕ್ ಬಲೆಯೂ ಬೇಡ. ಅದರಲ್ಲಿ ಸಿಕ್ಕಿಬಿದ್ದ ಕೇರೆಯೊಂದನ್ನು ಬಿಡಿಸಲು ಬಂದವರಿಗೆ ಒಂದು ಗಂಟೆ ಹಿಡಿಯಿತು.

ಪೋಂಡಾ, ಗೋವಾದಿಂದ

ಕಾಳು ಬೇಡವೆಂದ ಪಾಷಾಣದ ಅಕ್ಕನ ಮಾತು ನೂರಕ್ಕೆ ನೂರು ಸರಿ. ನೆಲಕ್ಕೆ ಬಿದ್ದ ಕಾಳಿಗೆ ಇಲಿ, ಇಲಿಗೆ ಹಾವು. ನಾವು ಮುಸುವಗಳಿಗೆ ಎರಡೇ ದಿನ ಬಾಳೆಹಣ್ಣು ಕೊಟ್ಟೆವು, ಮೂರನೆಯ ದಿನ ಅವು ಅಡುಗೆಮನೆಯಲ್ಲಿದ್ದವು. ಉಣಿಸುವ ಆಸೆ ಇದ್ದರೆ ಗಿಡ ನೆಡಿ. ಮಳೆ ಬಿದ್ದೊಡನೆ ಒಂದು ಗಸಗಸೆ ಹಣ್ಣಿನ ಸಸಿ ಹಚ್ಚಿದರೆ ಎರಡು ವರ್ಷದಲ್ಲಿ ಅಳಿಲು, ಪಿಕಳಾರ, ಬಾವಲಿ ಎಲ್ಲಕ್ಕೂ ಊಟ ಸಿದ್ಧ.

ಬಾವಧನದಿಂದ, ಮೇ ಕೊನೆಯ ವಾರ

ಎಲ್ಲರಿಗೂ ಕೃತಜ್ಞತೆಗಳು. ಫರಸಿಯ ಮಾತು ಸದ್ಯ ನಿಂತಿದೆ. ಕಾತ್ರಜಕ್ಕೆ ಹೋಗಿ ಬಂದೆವು. ಮಾವನವರು ಅಲ್ಲಿ ಹೆಚ್ಚು ಮಾತನಾಡಲಿಲ್ಲ, ಮನೆಗೆ ಬಂದು ತಾವೇ ಇಟ್ಟಿಗೆ ರಾಶಿ ಸಾಗಿಸಿದರು. ಚಿಕ್ಕು ಮರದ ಕೆಳಗೆ ಸಿಕ್ಕಿದ್ದು ನಾರಿನ ಉಂಡೆ, ಅಂದರೆ ಬಾವಲಿ. ದೊಡ್ಡವಳಿಗೆ ಇನ್ನೂ ಐದು ಬೆರಳಿನ ಆಸೆ ಬಿಟ್ಟಿಲ್ಲ, ದಿನಾ ಮಣ್ಣು ಹರಡುತ್ತಾಳೆ.

ಈಗೊಂದು ಹೊಸ ಪ್ರಶ್ನೆ. ನಿಂಬೆ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುತ್ತಿದ್ದ ಹುಳು ಕೆಲವೇ ದಿನಗಳಲ್ಲಿ ಹಸಿರಾಗಿ ಬೆರಳುದ್ದ ಬೆಳೆಯಿತು. ಚಿಕ್ಕವಳು ಹುಲ್ಲುಕಡ್ಡಿಯಿಂದ ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೆಂಪು ಕೊಂಬು ಹೊರಬಂತು, ಜೊತೆಗೆ ಕಟುವಾದ ವಾಸನೆ. ನಿನ್ನೆ ಅದು ಗಿಡ ಬಿಟ್ಟು ಇಳಿದು, ಅವಳ ಸೈಕಲ್ಲಿನ ಹಿಡಿಕೆಯ ಕೆಳಗೆ ನೂಲು ಕಟ್ಟಿಕೊಂಡು ನೇತು ಬಿದ್ದಿದೆ. ಬಿಡಿಸಿ ಗಿಡಕ್ಕೆ ಕಟ್ಟಬಹುದೇ?

ಪಾಷಾಣದಿಂದ

ಬಿಡಿಸಬೇಡಿ, ಆ ನೂಲು ಹರಿದರೆ ಕೋಶ ಬಿದ್ದು ಹಾಳಾಗುತ್ತದೆ. ಅದು ನಿಂಬೆ ಚಿಟ್ಟೆ, ಈ ಸೆಕೆಯಲ್ಲಿ ಎರಡು ವಾರದೊಳಗೆ ಹೊರಬರುತ್ತದೆ. ಕೋಶದ ಗೋಡೆ ತಿಳಿಯಾಗಿ ಒಳಗಿನ ರೆಕ್ಕೆಯ ಹಳದಿ ಚುಕ್ಕೆಗಳು ಕಂಡ ಮರುದಿನ ನಸುಕಿನಲ್ಲೇ ಮಗುವನ್ನು ಎಬ್ಬಿಸಿ. ಅಲ್ಲಿಯವರೆಗೆ ಸೈಕಲ್ ಇದ್ದಲ್ಲೇ ಇರಲಿ.