ದೇವರನ್ನು ನೀವು ಯಾರೆಂದು ಕರೆಯುತ್ತೀರಿ?

ಪ್ರಶ್ನೆ:
ಚಿಕ್ಕಂದಿನಿಂದಲೂ ನನಗೆ ದೇವರೆಂದರೆ ತಂದೆ. ತಪ್ಪು ಮಾಡಿದಾಗ ಅವನಿಗೆ ಹೆದರುತ್ತಿದ್ದೆ, ಕಷ್ಟ ಬಂದಾಗ ಅವನ ಮುಖವನ್ನು ನೆನೆಯುತ್ತಿದ್ದೆ. ಅಮ್ಮನ ಕೊನೆಯ ದಿನಗಳಲ್ಲಿ ಒಂದು ರಾತ್ರಿ ಅವರ ಹಾಸಿಗೆಯ ಪಕ್ಕ ಕುಳಿತು ಕಣ್ಣು ಮುಚ್ಚಿದರೆ ಆ ಮುಖ ಮೂಡಲೇ ಇಲ್ಲ. ಅಮ್ಮನ ಉಸಿರು ತಡೆತಡೆದು ಏರಿಳಿಯುವ ಸದ್ದಷ್ಟೇ ಕೇಳುತ್ತಿತ್ತು, ಯಾರೋ ನನ್ನೊಂದಿಗೆ ಎಚ್ಚರವಾಗಿ ಕುಳಿತಿದ್ದಾರೆ ಎಂದು ಮಾತ್ರ ಅನ್ನಿಸುತ್ತಿತ್ತು. ಅಂದಿನಿಂದ ಪ್ರಾರ್ಥನೆಗೆ ಕುಳಿತರೆ ಯಾರನ್ನು ಕರೆಯಬೇಕೆಂದೇ ತಿಳಿಯುತ್ತಿಲ್ಲ. ರೂಪ ಕಳಚಿಹೋದರೆ ನಂಬಿಕೆಯೂ ಹೋಯಿತೆಂದು ಅರ್ಥವೇ?

ಉತ್ತರ 1:
ಹಾಗೆಂದು ನನಗೆ ತೋರುವುದಿಲ್ಲ. ನಾರದ ಭಕ್ತಿಸೂತ್ರವು ಭಕ್ತಿ ಒಂದೇ ಆದರೂ 11 ಬಗೆಯಾಗಿ ತೋರುತ್ತದೆ ಎಂದು ಹೇಳಿ, ದಾಸನಾಗಿ, ಗೆಳೆಯನಾಗಿ, ಹೆತ್ತವರಂತೆ, ಪ್ರಿಯತಮೆಯಂತೆ ಪ್ರೀತಿಸುವುದನ್ನೆಲ್ಲ ಎಣಿಸುತ್ತಾ ಹೋಗಿ, ಕಟ್ಟಕಡೆಗೆ ಪರಮವಿರಹವನ್ನು ಇಡುತ್ತದೆ. ದೇವರು ಕಾಣದಿರುವ ಸಂಕಟವೂ ಅವನೊಂದಿಗಿನ ಒಂದು ಸಂಬಂಧವೇ ಎಂದಾಯಿತಲ್ಲವೇ? 12ನೆಯ ಶತಮಾನದ ಶರಣರನ್ನೇ ನೋಡಿ: ಅಕ್ಕಮಹಾದೇವಿಗೆ ಚೆನ್ನಮಲ್ಲಿಕಾರ್ಜುನ ಗಂಡ, ಬಸವಣ್ಣನವರಿಗೆ ಕೂಡಲಸಂಗಮದೇವ ಒಡೆಯನೂ ಹೌದು, ತಂದೆಯೂ ಹೌದು, ತಾಯಿಯೂ ಹೌದು. ಒಬ್ಬರೊಳಗೇ ಇಷ್ಟು ಭಾವಗಳಿಗೆ ಜಾಗವಿರುವಾಗ ನಿಮ್ಮ ಭಾವ ಬದಲಾದದ್ದನ್ನು ನಷ್ಟವೆಂದು ಎಣಿಸಬೇಡಿ.

ಉತ್ತರ 2:
ಮೇಲಿನವರ ಮಾತನ್ನು ಒಪ್ಪುತ್ತೇನೆ. ಆದರೆ ಕಳಚಿದ ರೂಪದ ಜಾಗಕ್ಕೆ ಮತ್ತೊಂದನ್ನು ತಂದು ಕೂರಿಸುವ ಅವಸರ ಬೇಡ. ದೇವರಿಗೆ ಚಿತ್ರವನ್ನೇ ಒಪ್ಪದ ಇಸ್ಲಾಮಿನಲ್ಲಿ, ಅವನು ಮನುಷ್ಯನಿಗೆ ಕೊರಳ ನರಕ್ಕಿಂತಲೂ ಹತ್ತಿರ ಎಂದು ಕುರ್‌ಆನ್ ಹೇಳುತ್ತದೆ. ಮುಖವಿಲ್ಲದೆಯೂ ಸಾಮೀಪ್ಯ ಸಾಧ್ಯ. ನಾನು ಹಲವು ವರ್ಷಗಳಿಂದ ಏನನ್ನೂ ಕಲ್ಪಿಸಿಕೊಳ್ಳದೆ ಸುಮ್ಮನೆ ಕೂರುತ್ತೇನೆ. ಮೊದಮೊದಲು ಅದು ಬರಿಯ ಖಾಲಿತನವೆನಿಸಿ ಅಳು ಬರುತ್ತಿತ್ತು. ಈಗ ಆ ಮೌನಕ್ಕಾಗಿಯೇ ಮನಸ್ಸು ಕಾಯುತ್ತದೆ.

ಉತ್ತರ 3:
ನನ್ನದು ಜಗಳದ ಸಂಬಂಧ. ಮಗುವನ್ನು ಕಳೆದುಕೊಂಡ ಮೇಲೆ ಬಹಳ ಕಾಲ ದೇವರನ್ನು ಬೈಯುವುದೇ ನನ್ನ ಪ್ರಾರ್ಥನೆಯಾಗಿತ್ತು. ಆಗ ಒಂದು ಸಂಗತಿ ಗಮನಕ್ಕೆ ಬಂತು: ಹೆತ್ತ ತಂದೆಯನ್ನು ‘ನೀವು’ ಎನ್ನುವ ನಾನು ದೇವರನ್ನು ಮಾತ್ರ ಯಾವ ಅಳುಕೂ ಇಲ್ಲದೆ ‘ನೀನು’ ಎನ್ನುತ್ತೇನೆ. ಅವನು ಹೇಗಿದ್ದಾನೆಂದು ನನಗೆ ಇಂದಿಗೂ ಗೊತ್ತಿಲ್ಲ, ಆ ಸಲಿಗೆಯನ್ನು ಮಾತ್ರ ಬಿಟ್ಟಿಲ್ಲ. ನೀವು ಆ ರಾತ್ರಿ ಏನೆಂದು ಕರೆದಿರಿ?

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಕೃತಜ್ಞತೆಗಳು. ನೀವು ಕೇಳಿದ ಮೇಲೆ ನೆನಪಾಯಿತು. ಹೆಸರು ಹಿಡಿದು ಕರೆಯಲಿಲ್ಲ, ಏನನ್ನೂ ಬೇಡಲಿಲ್ಲ. ಅಮ್ಮನ ಕೈ ಹಿಡಿದುಕೊಂಡು, ‘ಇದ್ದೀಯಾ?’ ಎಂದಷ್ಟೇ ಕೇಳಿದ್ದೆ.